ಅತ್ತೆಯ ಬಚ್ಚಲಲ್ಲಿ ಎರಡು ಮೊಲ, ಇಬ್ಬರು ಅಳಿಯಂದಿರು

ಮೊಲಕ್ಕೆ ಸಿಟ್ಟು ಬಂದರೆ ಅದು ಕೂಗುವುದಿಲ್ಲ. ಹಿಂಗಾಲನ್ನೆತ್ತಿ ನೆಲಕ್ಕೆ ಧಪ್ಪೆಂದು ಅಪ್ಪಳಿಸುತ್ತದೆ. ಸೋಫಾ ಮೇಸ್ತ್ರಿಗೆ ಸಿಟ್ಟು ಬಂದರೂ ಅಷ್ಟೇ. ವ್ಯತ್ಯಾಸ ಏನೆಂದರೆ, ಮೊಲ ಕಾಲು ಅಪ್ಪಳಿಸಿದ ಮೇಲೆ ಸುಮ್ಮನಾಗುತ್ತದೆ. ಮೇಸ್ತ್ರಿ ಕಾಲು ಅಪ್ಪಳಿಸಿದ ಮೇಲೆ ಬಾಯಿ ಶುರು ಮಾಡುತ್ತಾನೆ.

ಅಂಥ ಮೇಸ್ತ್ರಿ ಒಂದು ಬೆಳಗ್ಗೆ ಪಶುವೈದ್ಯೆಯ ಕೋಣೆಯಲ್ಲಿ ಕಾಲನ್ನೂ ಬಾಯನ್ನೂ ಬಿಗಿಹಿಡಿದುಕೊಂಡು ಕೂತಿದ್ದ. ತೊಡೆಯ ಮೇಲೆ ಬಿಳಿ ಮೊಲ. ಪಕ್ಕದಲ್ಲಿ ಹೆಂಡತಿ. ಎದುರಿಗೆ ಡಾಕ್ಟರಮ್ಮ, ಅವರ ಕೈಯಲ್ಲಿ ಸೂಜಿಯಿಲ್ಲದ ಸಿರಿಂಜು, ಅದರೊಳಗೆ ಅರೆದ ಸೊಪ್ಪಿನ ಹಸಿರು ನೀರು.

ಮೊಲದ ಹೆಸರು ಹತ್ತಿ. ಎರಡು ವರ್ಷದ ಹಿಂದೆ ಒಬ್ಬ ಗಿರಾಕಿ ಮನೆ ಖಾಲಿ ಮಾಡುವಾಗ ತನ್ನ ಹಳೇ ಸೋಫಾವನ್ನು ಮೇಸ್ತ್ರಿಯ ಅಂಗಡಿಗೆ ಸಾಗಹಾಕಿದ್ದ. ಮೇಸ್ತ್ರಿ ಅದರ ಹೊಟ್ಟೆ ಬಗೆದು ನೋಡಿದರೆ ಸ್ಪ್ರಿಂಗಿನ ಜಾಗದಲ್ಲಿ ಎರಡು ಮೊಲದ ಮರಿ! ಅರ್ಧ ಫೋಮನ್ನು ಚೂರು ಚೂರು ಮಾಡಿ ಅರಮನೆ ಕಟ್ಟಿಕೊಂಡಿದ್ದವು. 'ಈಗಲೇ ಎತ್ತಿ ಬೀದಿಗೆ ಬಿಸಾಕ್ತೀನಿ' ಎಂದು ಮೇಸ್ತ್ರಿ ಮೂರು ಅಂಗಡಿಗೆ ಕೇಳುವ ಹಾಗೆ ಗರ್ಜಿಸಿದ. ಸಂಜೆಯೊಳಗೆ ಬಿಳಿಯದಕ್ಕೆ ಹತ್ತಿ, ಕಂದು ಬಣ್ಣದ್ದಕ್ಕೆ ನಾರು ಎಂದು ಹೆಸರಿಟ್ಟು, ಒಳ್ಳೇ ತೇಗದ ಚೌಕಟ್ಟಿನ ಗೂಡು ಮಾಡಿ ಮನೆಗೆ ತಂದ. (ಹೆಂಡತಿ ಹನ್ನೊಂದು ವರ್ಷದಿಂದ ಒಂದು ಪಾತ್ರೆ ಕಪಾಟು ಕೇಳುತ್ತಿದ್ದಳು. ಆ ಮಾತು ಇಲ್ಲಿ ಬೇಡ.)

ಕಳೆದ ತಿಂಗಳು ನಾರು ತೀರಿಕೊಂಡಿತು. ಅಂದಿನಿಂದ ಹತ್ತಿ ಗೋಡೆಗೆ ಮುಖ ಮಾಡಿ ಕೂತದ್ದು ಕೂತೇ ಇತ್ತು. ಕೊತ್ತಂಬರಿ ಸೊಪ್ಪು ಮೂಗಿಗೆ ತಾಗಿಸಿದರೂ ಮೂಗು ಅಲ್ಲಾಡುತ್ತಿರಲಿಲ್ಲ.

"ಒಂಟಿತನ," ಎಂದರು ಡಾಕ್ಟರಮ್ಮ. "ಮೊಲ ಹೊಟ್ಟೆ ಖಾಲಿ ಬಿಟ್ರೆ ಬಹಳ ದಿನ ಉಳಿಯಲ್ಲ. ನಾನು ಎಷ್ಟು ದಿನ ಸಿರಿಂಜಲ್ಲಿ ತಿನ್ನಿಸಲಿ? ಇದಕ್ಕೊಂದು ಜೊತೆ ಬೇಕು. ಆಪರೇಷನ್ ಆಗಿರೋ, ಸಾಧು ಸ್ವಭಾವದ ಗಂಡು."

"ತರೋಣ! ಈವತ್ತೇ ತರೋಣ!" ಎಂದ ಮೇಸ್ತ್ರಿ. "ಎಲ್ಲಿ ಸಿಗುತ್ತೆ ಹೇಳಿ. ಊರಾಚೆ ಆದ್ರೂ ಸರಿ, ಬೆಟ್ಟದ ಮೇಲಾದ್ರೂ ಸರಿ."

"ಅಷ್ಟು ದೂರ ಯಾಕೆ? ನನ್ನ ಹತ್ತಿರ ಬರೋ ಮೊಲಗಳಲ್ಲೇ ಒಂದಿದೆ. ಬೂದಿ ಬಣ್ಣ. ಯಾರೋ ಬಸ್ಸಲ್ಲಿ ಬುಟ್ಟಿ ಸಮೇತ ಮರೆತು ಹೋಗಿದ್ರಂತೆ. ಕಂಡಕ್ಟರ್ ಒಬ್ಬರು ಸಾಕ್ಕೊಂಡಿದ್ದಾರೆ. ರೈಟು ಅಂತ ಹೆಸರು."

ಮೇಸ್ತ್ರಿಯ ಹಿಂಗಾಲು (ಅಂದರೆ ಬಲಗಾಲು) ಡಾಕ್ಟರಮ್ಮನ ನೆಲಕ್ಕೆ ಧಪ್ಪೆಂದು ಬಡಿಯಿತು.

"ಅಯ್ಯೋ, ಅದು ನಮ್ಮವರದೇ ಡಾಕ್ಟ್ರೇ!" ಎಂದಳು ಹೆಂಡತಿ, ಲಾಟರಿ ಹೊಡೆದವಳ ಹಾಗೆ. "ನನ್ನ ತಂಗಿ ಗಂಡ!"

ಹೌದು, ಮೇಸ್ತ್ರಿಯ ಷಡ್ಡಕ. ನಾಲ್ಕು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಕಾರಣ ಚಿಕ್ಕದಲ್ಲ. ಕಂಡಕ್ಟರ್ ಹೊಸ ಮನೆಗೆ ಬಂದಾಗ ಮೇಸ್ತ್ರಿ ತನ್ನ ಕೈಯಾರೆ ಮೂರು ಜನ ಕೂರುವ ನೀಲಿ ಮಖಮಲ್ಲಿನ ಸೋಫಾ ಮಾಡಿ ಕೊಟ್ಟಿದ್ದ. ಅದನ್ನು ನೋಡಲೆಂದು ಒಬ್ಬ ಹೋಟೆಲ್ ಮಾಲೀಕರನ್ನೂ ಕರೆತಂದಿದ್ದ. ಅವರು ಮೂವತ್ತು ಕುರ್ಚಿಯ ಕೆಲಸ ಕೊಡುವ ಯೋಚನೆಯಲ್ಲಿದ್ದರು. ಬಂಧು ಬಳಗವೆಲ್ಲ ಸೇರಿದೆ. ಕಂಡಕ್ಟರ್ ಸೋಫಾದ ಮೇಲೆ ಕೂತ. ಎಡಕ್ಕೆ ಜರುಗಿದ. ಬಲಕ್ಕೆ ಜರುಗಿದ. ಆಮೇಲೆ, ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಆ ಗಂಟಲಲ್ಲಿ, "ಅಣ್ಣಾ, ಎಡಗಡೆ ಏನೋ ಚುಚ್ಚುತ್ತೆ. ಇದಕ್ಕಿಂತ ನಮ್ಮ ಬಸ್ಸಿನ ಸೀಟೇ ಮೇಲು!" ಎಂದ.

ಎಲ್ಲರೂ ನಕ್ಕರು. ಹೋಟೆಲ್ ಮಾಲೀಕರೂ ನಕ್ಕರು; ನಗುತ್ತಾ ಎದ್ದು ಹೋದವರು ಮತ್ತೆ ಬರಲಿಲ್ಲ. ಮೇಸ್ತ್ರಿ ಅವತ್ತೇ ಶಪಥ ಮಾಡಿದ: ಆ ಮನುಷ್ಯನ ಮುಖ ನೋಡುವುದಿಲ್ಲ, ಆ ಮನುಷ್ಯನ ಬಸ್ಸು ಹತ್ತುವುದಿಲ್ಲ.

"ಬೇರೆ ಮೊಲ ನೋಡೋಣ," ಎಂದ ಮೇಸ್ತ್ರಿ.

"ನೋಡಿ," ಎಂದರು ಡಾಕ್ಟರಮ್ಮ. "ಸಿಗೋವರೆಗೂ ಇದು ಇರುತ್ತೋ ಇಲ್ವೋ, ಅದು ನಿಮಗೆ ಬಿಟ್ಟದ್ದು."

ಹತ್ತಿ ಮೇಸ್ತ್ರಿಯ ಅಂಗೈ ಸಂದಿಗೆ ಮೂಗು ತೂರಿಸಿ ಕಣ್ಣು ಮುಚ್ಚಿತು. ಮೇಸ್ತ್ರಿ ಕೆಮ್ಮಿದ. ಸೂರು ನೋಡಿದ. "ಏನು ಮಾಡ್ಬೇಕು ಹೇಳಿ," ಎಂದ.

ಮಾಡಬೇಕಾದ್ದು ಬಹಳವಿತ್ತು. ಮೊಲ ಅಂದರೆ ತಂದು ಗೂಡಿಗೆ ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ ಮೇಸ್ತ್ರಿಗೆ ಡಾಕ್ಟರಮ್ಮ ಅರ್ಧ ಗಂಟೆ ಪಾಠ ಮಾಡಿದರು. ಒಂದರ ಮನೆಗೆ ಇನ್ನೊಂದನ್ನು ತಂದರೆ ಯುದ್ಧ. ಆದ್ದರಿಂದ ಮೊದಲ ವಾರ ಬರೀ ವಾಸನೆಯ ಪರಿಚಯ, ಇದರ ಬಟ್ಟೆ ಅಲ್ಲಿಗೆ, ಅದರ ಬಟ್ಟೆ ಇಲ್ಲಿಗೆ. ಆಮೇಲೆ ಎರಡಕ್ಕೂ ಸಂಬಂಧವಿಲ್ಲದ ಮೂರನೇ ಜಾಗದಲ್ಲಿ ಭೇಟಿ. ಚಿಕ್ಕ ಜಾಗ, ಬಚ್ಚಲಾದರೆ ಉತ್ತಮ. ಎರಡೂ ಮೊಲಗಳ ಯಜಮಾನರು ಅಲ್ಲೇ ನೆಲದ ಮೇಲೆ ಕೂತಿರಬೇಕು, ಇಲ್ಲದಿದ್ದರೆ ಮೊಲಗಳು ಹೆದರುತ್ತವೆ. ಕೂಗಾಡಬಾರದು. ಎತ್ತಿಕೊಳ್ಳಬಾರದು.

"ನೀವಾಗಿ ಮೇಲೆ ಬಿದ್ದು ಮುದ್ದು ಮಾಡಕ್ಕೆ ಹೋಗ್ಬೇಡಿ," ಎಂದರು ಡಾಕ್ಟರಮ್ಮ. "ಅದು ಕಾಲು ಬಡೀಲಿ, ಮುಖ ತಿರುಗಿಸ್ಲಿ, ಏನೇ ಮಾಡ್ಲಿ. ಸುಮ್ನೆ ಅಲ್ಲೇ ಕೂತಿರಿ. ತಾನಾಗೇ ಅಭ್ಯಾಸ ಆಗುತ್ತೆ."

ಹೆಂಡತಿ ಈ ಮಾತನ್ನು ಕೇಳುತ್ತಾ ಮೊಲವನ್ನು ನೋಡುವ ಬದಲು ಗಂಡನನ್ನೇ ನೋಡುತ್ತಿದ್ದಳು. ಮೇಸ್ತ್ರಿ ಅದನ್ನು ಗಮನಿಸಲಿಲ್ಲ. ಗಮನಿಸಬೇಕಿತ್ತು.

ಮೂರನೇ ಜಾಗ ಯಾವುದು ಎಂಬ ಪ್ರಶ್ನೆಗೆ ಹೆಂಡತಿ ದಾರಿಯಲ್ಲೇ ಉತ್ತರ ಕೊಟ್ಟಳು.

"ಅಮ್ಮನ ಮನೆ ಬಚ್ಚಲು."

"ಸಾಧ್ಯಾನೇ ಇಲ್ಲ!"

"ಯಾಕ್ರೀ? ನಮ್ಮ ಮನೆಗೂ ದೂರ ಇಲ್ಲ, ತಂಗಿ ಮನೆಗೂ ದೂರ ಇಲ್ಲ. ಅಮ್ಮ ಬೇಡ ಅನ್ನಲ್ಲ."

ಅತ್ತೆ ಎಂದರೆ ಮೇಸ್ತ್ರಿ ಹಿತ್ತಲ ಬಾಗಿಲು ಹುಡುಕುತ್ತಿದ್ದ. ಆಕೆ ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ದೊಡ್ಡ ನರ್ಸ್ ಆಗಿದ್ದವಳು. ನಿವೃತ್ತಿಯಾಗಿದ್ದು ಕೆಲಸದಿಂದ ಮಾತ್ರ. ಒಮ್ಮೆ ಕಾಲು ಉಳುಕಿ ಮಗಳ ಮನೆಯಲ್ಲಿ ಹದಿನಾಲ್ಕು ದಿನ ಇದ್ದಾಗ ಬೆಳಗಿನ ಐದೂವರೆಗೇ ದೀಪ ಹಾಕಿಸಿದ್ದಳು, ಮೇಸ್ತ್ರಿಯ ಬೀಡಿ ಕಟ್ಟನ್ನು ನೀರಿನಲ್ಲಿ ನೆನೆಸಿಟ್ಟಿದ್ದಳು, ಅವನು ದಿನಕ್ಕೆ ಎಷ್ಟು ಸಲ ಕೂಗಾಡಿದನೆಂದು ಗೋಡೆಯ ಮೇಲೆ ಗೀಟು ಹಾಕಿಟ್ಟಿದ್ದಳು. ಆಕೆ ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ವಾಪಸು ಹೋದ ದಿನ ಮೇಸ್ತ್ರಿ ತನಗೆ ತಾನೇ ಒಂದು ಹೊಸ ಅಂಗಿ ತಂದುಕೊಂಡಿದ್ದ.

ಆದರೆ ಹತ್ತಿ ಸೊಪ್ಪು ಮುಟ್ಟುತ್ತಿರಲಿಲ್ಲ. ಅದರ ಮುಂದೆ ಯಾವ ವಾದ ನಿಲ್ಲುತ್ತದೆ?

ವಾಸನೆಯ ವಾರ ಶುರುವಾಯಿತು. ಹೆಂಡತಿ ತಂಗಿಯ ಮನೆಯಿಂದ ರೈಟು ಮಲಗುವ ಬಟ್ಟೆ ತಂದು ಹತ್ತಿಯ ಗೂಡಿನಲ್ಲಿ ಹಾಸಿದಳು. ಮೇಸ್ತ್ರಿ ಬಗ್ಗಿ ನೋಡಿದರೆ ಖಾಕಿ ಬಣ್ಣ, ಎರಡು ಜೇಬು, ಜೇಬಿನ ಮೇಲೆ ಗುಂಡಿ.

"ಇದು ಆ ಕಂಡಕ್ಟರನ ಅಂಗಿ!"

"ಹಳೇದು ರೀ. ರೈಟು ಅದರ ಮೇಲೇ ಮಲಗೋದಂತೆ."

"ನನ್ನ ಮನೇಲಿ, ನನ್ನ ತೇಗದ ಗೂಡಲ್ಲಿ, ಅವನ ಅಂಗಿ! ಅಲ್ಲಿಗೆ ಏನು ಕಳಿಸಿದೆ?"

"ಹತ್ತಿ ಮಲಗೋದು ನಿಮ್ಮ ಬನಿಯನ್ ಮೇಲೆ ಅಲ್ವಾ? ಅದೇ ಕಳಿಸಿದೆ."

"ತೂತು ಬಿದ್ದಿದ್ದೋ?"

"ತೂತು ಇಲ್ಲದಿದ್ದ ಬನಿಯನ್ ನಿಮ್ಮ ಹತ್ರ ಎಲ್ಲಿದೆ?"

ತನ್ನ ತೂತು ಬನಿಯನ್ ಶತ್ರುವಿನ ಮನೆಯಲ್ಲಿ ಪ್ರದರ್ಶನಕ್ಕಿದೆ ಎಂಬ ಯೋಚನೆಯಿಂದ ಮೇಸ್ತ್ರಿಗೆ ಎರಡು ದಿನ ಅನ್ನ ಸೇರಲಿಲ್ಲ. ಹತ್ತಿ ಮಾತ್ರ ಮೂರನೇ ದಿನ ಖಾಕಿ ಅಂಗಿಯ ಜೇಬಿಗೆ ಮೂಗು ತೂರಿಸಿ, ಒಂದೇ ಒಂದು ಎಲೆ ಸೊಪ್ಪು ತಿಂದಿತು. ಮೇಸ್ತ್ರಿ ಅದನ್ನು ಕಿಟಕಿಯಾಚೆಯಿಂದ ಕದ್ದು ನೋಡಿ ಕಣ್ಣೊರೆಸಿಕೊಂಡ. ಹೆಂಡತಿ ಬಂದಾಗ ಮರದ ಪುಡಿ ಬಿತ್ತೆಂದ.

ಭೇಟಿಯ ದಿನ ಬಂತು.

ಅತ್ತೆಯ ಬಚ್ಚಲು ಆರಡಿ ಉದ್ದ, ಐದಡಿ ಅಗಲ. ಆಕೆ ಅದನ್ನು ಆಪರೇಷನ್ ಕೋಣೆಯ ಹಾಗೆ ಉಜ್ಜಿ, ಒಣಗಿಸಿ, ಹಳೇ ಚಾಪೆ ಹಾಸಿದ್ದಳು. ಬಾಗಿಲಿಗೆ ಒಂದು ಹಾಳೆ ಅಂಟಿಸಿ ಪೆನ್ನು ನೇತುಹಾಕಿದ್ದಳು: ದಿನಾಂಕ, ಸಮಯ, ಕಚ್ಚಾಟ, ಆಹಾರ.

"ಚಪ್ಪಲಿ ಹೊರಗೆ. ಕೈ ತೊಳ್ಕೊಳ್ಳಿ. ಗದ್ದಲ ಬೇಡ," ಎಂದಳು. "ಇಪ್ಪತ್ತು ನಿಮಿಷ. ನಾನೇ ಬಾಗಿಲು ತೆಗೆಯೋದು."

ಕಂಡಕ್ಟರ್ ಆಗಲೇ ಬಂದು ಮೂಲೆಯಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಕೂತಿದ್ದ. ದಪ್ಪ ಮೀಸೆ, ಜೇಬಿನಲ್ಲಿ ಪೀಪಿ. ನೆಲದ ಮೇಲೆ ಕೂರಬೇಕೆಂದು ಅತ್ತೆ ಬಕೀಟು ಕಿತ್ತುಕೊಂಡಳು. ಮೇಸ್ತ್ರಿ ಮಾತ್ರ ಸಿದ್ಧನಾಗಿ ಬಂದಿದ್ದ. ನಲವತ್ತೊಂಬತ್ತರ ಮೊಣಕಾಲು, ತಣ್ಣನೆಯ ನೆಲ. ಆದ್ದರಿಂದ ಮನೆಯಿಂದ ತನ್ನದೇ ಕೈಕೆಲಸದ ಒಂದು ದಪ್ಪ ಫೋಮ್ ಮೆತ್ತೆ ತಂದಿದ್ದ. ಅದನ್ನು ಹಾಸಿ, 'ಕೂರುವುದೆಂದರೆ ಏನು ಅಂತ ನೋಡಿಕೋ' ಎಂಬ ಗತ್ತಿನಲ್ಲಿ ಕೂತ.

ಬಾಗಿಲು ಮುಚ್ಚಿತು. ಎರಡು ಮೊಲ, ಇಬ್ಬರು ಷಡ್ಡಕರು. ನಾಲ್ವರೂ ನಾಲ್ಕು ಗೋಡೆ ನೋಡುತ್ತಾ ಕೂತರು.

ಐದು ನಿಮಿಷ ಕಳೆಯಿತು. ಕಂಡಕ್ಟರ್ ತನ್ನ ಮೊಲದ ಕಡೆ ತಿರುಗಿದ.

"ರೈಟೂ, ಎದುರಿಗಿರೋರಿಗೆ ಹೇಳು, ಕಾಲು ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಂತ. ದಾರೀಲಿ ಇಟ್ಟಿದ್ದಾರೆ."

ಮೇಸ್ತ್ರಿ ತನ್ನ ಮೊಲದ ಕಡೆ ತಿರುಗಿದ. "ಹತ್ತೀ, ಇದು ಬಸ್ಸಲ್ಲ ಅಂತ ಹೇಳು."

"ರೈಟೂ, ಬಸ್ಸಾಗಿದ್ರೆ ಇಷ್ಟೊತ್ತಿಗೆ ಇಳಿಸಿಬಿಡ್ತಿದ್ದೆ ಅಂತ ಹೇಳು."

"ಹತ್ತೀ, ಇಳಿಸೋನು ಮೊದಲು ಹತ್ತಿಸ್ಕೋಬೇಕು. ನಾನು ಹತ್ತೋನೇ ಅಲ್ಲ ಅಂತ ಹೇಳು."

ಮೊಲಗಳು ಯಾರಿಗೂ ಏನೂ ಹೇಳಲಿಲ್ಲ. ರೈಟು ಮೂಗು ಅಲ್ಲಾಡಿಸುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾ ಮೇಸ್ತ್ರಿಯ ಕಡೆ ಬಂತು. ಮೆತ್ತೆಯ ಅಂಚನ್ನು ಮೂಸಿತು. ಒಂದು ಮುಂಗಾಲು ಅದರ ಮೇಲಿಟ್ಟಿತು.

ಅಷ್ಟೇ. ತಿಂಗಳಿಂದ ಗೋಡೆ ನೋಡುತ್ತಾ ಕೂತಿದ್ದ ಹತ್ತಿ ಚೆಂಡಿನ ಹಾಗೆ ಹಾರಿ ಬಂದು ರೈಟುವಿನ ಬೆನ್ನಿಗೆ ಬಾಯಿ ಹಾಕಿತು. ಬೂದಿ ಕೂದಲು, ಬಿಳಿ ಕೂದಲು, ಎರಡೂ ಉಂಡೆಯಾಗಿ ಬಚ್ಚಲಿಡೀ ಉರುಳಿದವು. ಬಿಡಿಸಲು ಹೋದ ಕಂಡಕ್ಟರನ ಹೆಬ್ಬೆರಳಿಗೆ ಹಲ್ಲು ಬಿತ್ತು. ಮೇಸ್ತ್ರಿ ಎದ್ದ ರಭಸಕ್ಕೆ ನಲ್ಲಿ ತಿರುಗಿ ನಾಲ್ವರ ಮೇಲೂ ನೀರು ಸುರಿಯಿತು. ಕಂಡಕ್ಟರ್ ಗಾಬರಿಯಲ್ಲಿ ಪೀಪಿ ಊದಿದ. ಅತ್ತೆ ಬಾಗಿಲು ತೆಗೆದಾಗ ಮೊಲಗಳೆರಡೂ ಒಂದೊಂದು ಮೂಲೆ ಸೇರಿದ್ದವು, ಅಳಿಯಂದಿರಿಬ್ಬರು ನಡುವೆ ನಿಂತು ತೊಟ್ಟಿಕ್ಕುತ್ತಿದ್ದರು.

"ನಿಮ್ಮ ಮೊಲಕ್ಕೆ ನಿಮ್ಮದೇ ಬುದ್ಧಿ!" ಎಂದ ಕಂಡಕ್ಟರ್. ನಾಲ್ಕು ವರ್ಷದ ನಂತರ ನೇರವಾಗಿ ಆಡಿದ ಮೊದಲ ಮಾತು ಅದು.

"ನಿನ್ನ ಮೊಲ ಬೇರೆಯವರ ಸೀಟಿಗೆ ಕಾಲಿಟ್ಟಿದ್ಯಾಕೆ?" ಇದು ಎರಡನೆಯದು.

ಅತ್ತೆ ಮೆತ್ತೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಚಿನ ತುಂಬ ಸಣ್ಣ ಸಣ್ಣ ಬಿಳಿ ಕೂದಲು.

"ಇದರ ಮೇಲೆ ಯಾರು ಮಲಗೋದು?"

ಮೇಸ್ತ್ರಿ ಗಡಿಬಿಡಿಯಿಂದ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಅದು ಅವನು ಸಂಜೆ ಹೊತ್ತು ನೆಲಕ್ಕೆ ಹಾಕಿಕೊಂಡು ಕೂರುವ ಮೆತ್ತೆ. ಅವನು ಎದ್ದ ತಕ್ಷಣ ಹತ್ತಿ ಬಂದು ಅದರ ಮೇಲೆ ಗಲ್ಲ ಉಜ್ಜಿ ಮಲಗುತ್ತಿತ್ತು. ಮೊಲ ಗಲ್ಲ ಉಜ್ಜಿದ್ದೆಲ್ಲ ಅದರ ಸಾಮ್ರಾಜ್ಯ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು. ಎರಡು ಮನೆಗೂ ಸಂಬಂಧವಿಲ್ಲದ ಜಾಗ ಹುಡುಕಿಕೊಂಡು ಬಂದು, ಅದರ ನಟ್ಟನಡುವೆ ಮೇಸ್ತ್ರಿ ತನ್ನ ಮನೆಯನ್ನೇ ಹಾಸಿಕೊಂಡು ಕೂತಿದ್ದ.

ಅತ್ತೆ ಹಾಳೆಯಲ್ಲಿ ಬರೆದಳು: 'ಕಚ್ಚಾಟ: ಒಂದು. ಕಾರಣ: ದೊಡ್ಡಳಿಯ.'

ಅಂದಿನಿಂದ ಹತ್ತಿ ಮತ್ತೆ ಸೊಪ್ಪು ಬಿಟ್ಟಿತು. ಸಿರಿಂಜು ಮತ್ತೆ ಹೊರಬಂತು. ಮೇಸ್ತ್ರಿ ಬರೀ ನೆಲದ ಮೇಲೆ, ಒಂಬತ್ತು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಕೂತ. ಮೊಲಗಳು ಕಚ್ಚಾಡಲಿಲ್ಲ, ಸೇರಲೂ ಇಲ್ಲ. ಒಂದು ಈ ಮೂಲೆ, ಒಂದು ಆ ಮೂಲೆ. ಷಡ್ಡಕರೂ ಹಾಗೇ. ಅತ್ತೆ ದಿನಾ ಬಾಗಿಲ ಸಂದಿಯಲ್ಲಿ ಇಣುಕಿ, 'ಪ್ರಗತಿ ಇಲ್ಲ' ಎಂದು ಬರೆದು ಹೋಗುತ್ತಿದ್ದಳು. ಹತ್ತಿಯ ಬೆನ್ನಿನ ಮೇಲೆ ಕೈಯಾಡಿಸಿದರೆ ಮೂಳೆ ಸಿಗುತ್ತಿತ್ತು.

ಹತ್ತನೇ ದಿನ ಡಾಕ್ಟರಮ್ಮ ಅತ್ತೆಯ ಮನೆಗೇ ಬಂದು ಕೊನೆಯ ಉಪಾಯ ಹೇಳಿದರು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಗಾಡಿಯಲ್ಲಿ ಸುತ್ತಾಡಿಸಿ. ಕುಲುಕಾಟಕ್ಕೆ ಹೆದರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಕ್ಕದಲ್ಲಿ ಒಬ್ಬರು ಕೈಗವಸು ಹಾಕಿಕೊಂಡು ಕೂತಿರಿ, ಕಚ್ಚಾಡಿದರೆ ಬಿಡಿಸಲು.

"ಎಂಥ ಗಾಡಿ?" ಎಂದು ಮೇಸ್ತ್ರಿ ಕೇಳಿದ.

"ಎಷ್ಟು ಕುಲುಕುತ್ತೋ ಅಷ್ಟು ಒಳ್ಳೇದು."

ಎಲ್ಲರೂ ಕಂಡಕ್ಟರನ ಕಡೆ ನೋಡಿದರು. ಕಂಡಕ್ಟರ್ ಮೀಸೆ ತಿರುವಿದ. "ಬೆಳಗಿನ ಏಳು ಗಂಟೆ ಟ್ರಿಪ್ಪು. ಹಿಂದಿನ ಸೀಟು ಖಾಲಿ ಇರುತ್ತೆ. ಹತ್ತೋರು ಹತ್ತಬಹುದು," ಎಂದ.

ಮರುದಿನ ಏಳಕ್ಕೆ ಐದು ನಿಮಿಷವಿರುವಾಗ ಮೇಸ್ತ್ರಿ ಎರಡೂ ಮೊಲಗಳಿದ್ದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಜೀವಮಾನದಲ್ಲಿ ಹತ್ತುವುದಿಲ್ಲವೆಂದ ಬಸ್ಸನ್ನು ಹತ್ತಿದ. ಹತ್ತಿದನೇ ಹೊರತು ಕೂರಲಿಲ್ಲ. ಕಂಬ ತಬ್ಬಿಕೊಂಡು ನಿಂತ.

"ಹಿಂದೆ ಸೀಟಿದೆ ಸಾರ್, ಕೂತ್ಕೊಳ್ಳಿ," ಎಂದ ಕಂಡಕ್ಟರ್, ಅಪರಿಚಿತನಿಗೆ ಹೇಳುವ ಹಾಗೆ.

"ನಿಂತೇ ಬರ್ತೀನಿ."

"ಪೆಟ್ಟಿಗೆ ಇಟ್ಕೊಂಡು ನಿಲ್ಲೋ ಹಾಗಿಲ್ಲ ಸಾರ್. ಬೇರೆ ಪ್ಯಾಸೆಂಜರ್‌ಗೆ ತೊಂದ್ರೆ."

"ಬಸ್ಸಲ್ಲಿ ಇರೋದೇ ಮೂರು ಜನ!"

"ಅವರಿಗೇ ತೊಂದ್ರೆ. ರೈಟ್ ರೈಟ್!"

ಬಸ್ಸು ಮುಂದಕ್ಕೆ ಹಾರಿತು, ಮೇಸ್ತ್ರಿ ಹಿಂದಕ್ಕೆ ಹಾರಿದ. ಕಣ್ಣು ಬಿಟ್ಟಾಗ ಹಿಂದಿನ ಸೀಟಿನಲ್ಲಿ ಕೂತಿದ್ದ, ಪೆಟ್ಟಿಗೆ ತೊಡೆಯ ಮೇಲಿತ್ತು. ಒಳಗೆ ಮೊಲಗಳು ಎರಡು ತುದಿಯಲ್ಲಿ. ಮೊದಲ ಗುಂಡಿ ಬಂತು. ಅವು ಒಂದು ಗೇಣು ಹತ್ತಿರ ಸರಿದವು. ಎರಡನೇ ಗುಂಡಿ, ಇನ್ನೊಂದು ಗೇಣು. ರಸ್ತೆ ರಿಪೇರಿ ಮಾಡದ ಪುಣ್ಯಾತ್ಮರನ್ನು ಮೇಸ್ತ್ರಿ ಮನಸಾರೆ ಹರಸಿದ.

ಹಾಗೆ ಕೂತಿದ್ದಾಗಲೇ ಅವನ ಕೈ, ಮೂವತ್ತು ವರ್ಷದ ಚಾಳಿಯಿಂದ, ತಾನಾಗಿಯೇ ಸೀಟನ್ನು ಪರೀಕ್ಷಿಸತೊಡಗಿತು. ಬೆರಳು ಒತ್ತಿದ. ಫೋಮು ಗಟ್ಟಿಯಾಗಿತ್ತು, ಆದರೆ ಹದವಾಗಿತ್ತು. ಅಂಚಿನ ಹೊಲಿಗೆ ನೋಡಿದ. ಎರಡೆಳೆ! ಬೆನ್ನು ಒರಗಿಸಿದ. ನಾಲ್ಕು ವರ್ಷದಿಂದ ನೋಯುತ್ತಿದ್ದ ಸೊಂಟ ಒಮ್ಮೆ 'ಹಾ' ಎಂದಿತು. ಮೇಸ್ತ್ರಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಈ ವಿಷಯ ಯಾರಿಗೂ ಗೊತ್ತಾಗಬಾರದು ಎಂದುಕೊಳ್ಳುತ್ತಲೇ ಅವನಿಗೆ ನಿದ್ದೆ ಹತ್ತಿತು.

ಎಚ್ಚರವಾದಾಗ ಬಸ್ಸು ಕೊನೇ ನಿಲ್ದಾಣದಲ್ಲಿ ನಿಂತಿತ್ತು. ಕಂಡಕ್ಟರ್ ಪೆಟ್ಟಿಗೆಯ ಮೇಲೆ ಬಗ್ಗಿದ್ದ, ಬಾಯಿಗೆ ಬೆರಳಿಟ್ಟಿದ್ದ.

"ಶ್! ನೋಡಿ."

ರೈಟು ತಲೆ ತಗ್ಗಿಸಿ ಹತ್ತಿಯ ಗಲ್ಲದ ಕೆಳಗಿಟ್ಟಿತ್ತು. ಹತ್ತಿ ಅದರ ಕಿವಿಯನ್ನು, ತಿಂಗಳಿಂದ ಬಾಕಿಯಿದ್ದ ಕೆಲಸದ ಹಾಗೆ, ಶ್ರದ್ಧೆಯಿಂದ ನೆಕ್ಕುತ್ತಿತ್ತು. ಕಂಡಕ್ಟರ್ ಜೇಬಿನಿಂದ ಸೊಪ್ಪಿನ ಕಟ್ಟು ತೆಗೆದು ಒಳಗಿಟ್ಟ. ಎರಡೂ ಒಂದೇ ಕಡ್ಡಿಯನ್ನು ಆ ತುದಿ ಈ ತುದಿಯಿಂದ ತಿನ್ನುತ್ತಾ ಬಂದು ಮೂಗಿಗೆ ಮೂಗು ತಾಗಿಸಿದವು.

ಆಮೇಲೆ ಕಂಡಕ್ಟರ್ ಕೇಳಿದ: "ಸೀಟು ಹೇಗಿತ್ತು?"

"ಪರವಾಗಿಲ್ಲ," ಎಂದ ಮೇಸ್ತ್ರಿ. (ಅವನ ಬಾಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಹೆಂಡತಿಯ ಅಡುಗೆಗೂ ಸಿಕ್ಕಿಲ್ಲ.) ಸೀಟಿನ ಅಂಚು ಸವರುತ್ತಾ ಕೇಳಿದ, "ಎಲ್ಲಿ ಚುಚ್ಚುತ್ತೆ?"

"ಏನು?"

"ಸೋಫಾ ಕಣಯ್ಯಾ. ಎಲ್ಲಿ?"

"ಎಡಗಡೆ. ಮೂರನೇ ಸ್ಪ್ರಿಂಗು."

"ಎಲ್ಲರ ಎದುರು ಕೂಗೋ ಮುಂಚೆ ಒಂದು ಸಲ ಮೆತ್ತಗೆ ಕಿವೀಲಿ ಹೇಳೋಕೆ ಏನಾಗಿತ್ತು ನಿನಗೆ?"

"ನನ್ನ ಗಂಟಲು ಮೆತ್ತಗೆ ಬರಲ್ಲ ಅಣ್ಣಾ. ಡ್ಯೂಟಿ ಗಂಟಲು."

ಅಣ್ಣಾ ಎಂಬ ಮಾತು ನಾಲ್ಕು ವರ್ಷದ ಮೇಲೆ ಕಿವಿಗೆ ಬಿದ್ದಾಗ ಮೇಸ್ತ್ರಿಗೆ ಒಳಗೆ ಏನೋ ಆಯಿತು. ಅದನ್ನು ತೋರಿಸಿಕೊಳ್ಳದಿರಲು, ಭಾನುವಾರ ಬಂದು ಸ್ಪ್ರಿಂಗು ಬದಲಾಯಿಸುತ್ತೇನೆ, ಆಗ ಮಾತ್ರ ಬಾಯಿ ಬಿಚ್ಚಬೇಡ ಎಂದು ಗದರಿಸಿದ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮೇಸ್ತ್ರಿಗೆ ಸಿಟ್ಟು ಬಂದಾಗ ಆಗುವ ಅನಾಹುತಕ್ಕಿಂತ ಸಂತೋಷವಾದಾಗ ಆಗುವ ಅನಾಹುತ ದೊಡ್ಡದು.

ಅವತ್ತು ಸಂಜೆ ಎಲ್ಲರೂ ಅತ್ತೆಯ ಮನೆಯಲ್ಲಿ ಸೇರಿದರು, ಡಾಕ್ಟರಮ್ಮನೂ ಬಂದಿದ್ದರು. ಬಚ್ಚಲಿನ ಚಾಪೆಯ ಮೇಲೆ ಹತ್ತಿ ಮತ್ತು ರೈಟು ಒಂದಕ್ಕೊಂದು ಒರಗಿ ಮಲಗಿದ್ದವು. ನೋಡಿದ ಮೇಸ್ತ್ರಿಯ ಎದೆ ಉಬ್ಬಿತು.

"ಸರಿ, ನಾಳೆ ಎರಡನ್ನೂ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದ.

"ನಿಮ್ಮ ಮನೆಗೆ ಯಾಕೆ?" ಎಂದ ಕಂಡಕ್ಟರ್. "ಗಂಡು ನಮ್ಮದು."

"ಗೂಡು ನಂದು! ತೇಗದ್ದು!"

"ಬಸ್ಸು ನಂದು!"

"ಇಬ್ಬರ ಮನೆಗೂ ಬೇಡ," ಎಂದರು ಡಾಕ್ಟರಮ್ಮ. "ನಿಮ್ಮಲ್ಲಿ ಬಿಟ್ರೆ ಹತ್ತಿ ದರ್ಬಾರು, ಅಲ್ಲಿ ಬಿಟ್ರೆ ರೈಟು ದರ್ಬಾರು. ಮತ್ತೆ ಕಚ್ಚಾಟ. ಬೇರೆ ಮಾಡಿದ್ರೆ ಎರಡೂ ಊಟ ಬಿಡ್ತವೆ. ಒಂದಾರು ತಿಂಗಳು ಇಲ್ಲೇ ಇರ್ಲಿ. ನೀವಿಬ್ಬರೂ ದಿನಾ ಬಂದು ಕೂತು ಹೋಗಿ."

"ಬಹಳ ಸಂತೋಷ!" ಎಂದ ಮೇಸ್ತ್ರಿ. ಅತ್ತೆಯ ಕಡೆ ತಿರುಗಿ, ದಾನಶೂರನ ಧಾಟಿಯಲ್ಲಿ ಎದೆ ತಟ್ಟಿಕೊಂಡ. "ಅತ್ತೇ, ನಿಮ್ಮಿಂದ ನನ್ನ ಹತ್ತಿ ಉಳೀತು. ಏನು ಬೇಕು ಕೇಳಿ. ಇಲ್ಲ ಅನ್ನೋ ಮನುಷ್ಯ ನಾನಲ್ಲ!"

ಅತ್ತೆ ಹಾಳೆಯಲ್ಲಿ 'ಆಹಾರ: ಉತ್ತಮ' ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದಳು.

"ಬಚ್ಚಲು ಮೊಲಗಳದ್ದಾಯ್ತು. ಆರು ತಿಂಗಳು ನಾನು ಸ್ನಾನ ಎಲ್ಲಿ ಮಾಡ್ಲಿ?"

ಕಂಡಕ್ಟರ್ ತನ್ನ ಮನೆಯ ಬಚ್ಚಲಿನ ಕೊಳವೆ ಒಡೆದಿರುವ ವಿಚಾರವನ್ನು ಬಹಳ ವಿಷಾದದಿಂದ ತಿಳಿಸಿದ. (ಅದು ಯಾವಾಗ ಒಡೆಯಿತು ಎಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ, ಅವಳ ಮುಖವೇ ಹೇಳುತ್ತಿತ್ತು.) ಎಲ್ಲರೂ, ಎರಡು ಮೊಲಗಳೂ ಸೇರಿದಂತೆ, ಮೇಸ್ತ್ರಿಯ ಕಡೆ ನೋಡಿದರು.

"ದಿನಾ ಸ್ನಾನಕ್ಕೆ ಮಾತ್ರ..." ಎಂದು ಮೇಸ್ತ್ರಿ ತೊದಲಿದ.

"ಒದ್ದೆ ತಲೇಲಿ ಬೀದಿ ದಾಟೋಕಾಗುತ್ತಾ ಈ ವಯಸ್ಸಲ್ಲಿ? ಅಲ್ಲೇ ಇದ್ದುಬಿಡ್ತೀನಿ. ಮೊಲಗಳನ್ನ ಹಗಲು ಹೊತ್ತು ಬಂದು ನೋಡ್ಕೊಳ್ತೀನಿ," ಎಂದಳು ಅತ್ತೆ.

ಆ ವಾರ ಮೇಸ್ತ್ರಿಯ ಮಂಚದ ಮೇಲೆ ಅವನ ಟವೆಲಿನ ಪಕ್ಕ ಇನ್ನೊಂದು ಟವೆಲು ಮಡಿಸಿಟ್ಟಿತ್ತು. ಆಸ್ಪತ್ರೆಯ ಫಿನಾಯಿಲಿನ ವಾಸನೆ. "ಇದೇನು?" ಎಂದು ಕೇಳಿದರೆ, "ಅಮ್ಮಂದು," ಎಂದಳು ಹೆಂಡತಿ. "ನಿಮ್ಮದೊಂದು ಅಮ್ಮನ ಮನೆಗೆ ಕಳಿಸಿದ್ದೀನಿ. ಮೊದಲು ವಾಸನೆ ಅಭ್ಯಾಸ ಆಗ್ಲಿ."

ಭಾನುವಾರ ಬೆಳಗ್ಗೆ ಅತ್ತೆ ಬಂದಳು. ಕಂಡಕ್ಟರನ ಬಸ್ಸಿನಲ್ಲೇ ಬಂದಳು; ಅವನೇ ಎರಡು ಸೂಟ್‌ಕೇಸು, ಒಂದು ಗೋಡೆ ಗಡಿಯಾರ ಇಳಿಸಿಕೊಟ್ಟು, ಮೇಸ್ತ್ರಿಯ ಮುಖ ನೋಡದೆ ಡಬಲ್ ಪೀಪಿ ಊದಿ ಹೊರಟುಹೋದ. ಅತ್ತೆ ಒಳಗೆ ಬಂದು, ಗಡಿಯಾರಕ್ಕೆ ಮೊಳೆ ಎಲ್ಲಿ ಹೊಡೆಯಬೇಕೆಂದು ತೋರಿಸಿ, ನಡುಮನೆಯ ಸೋಫಾದ ಮೇಲೆ ಕೂತಳು. ಅದು ಮೇಸ್ತ್ರಿಯ ಸ್ವಂತ ಸೋಫಾ. ಮೂವತ್ತು ವರ್ಷದ ಕಸುಬನ್ನೆಲ್ಲ ಸುರಿದು ಮಾಡಿದ್ದು. ಗಿರಾಕಿಗಳಿಗೆ ಮಾದರಿ ಎಂದು ತೋರಿಸುವಂಥದ್ದು.

ಅತ್ತೆ ಎಡಕ್ಕೆ ಜರುಗಿದಳು. ಬಲಕ್ಕೆ ಜರುಗಿದಳು. ಹೆರಿಗೆ ವಾರ್ಡಿನಲ್ಲಿ ಸಾವಿರ ಹೊಟ್ಟೆ ಒತ್ತಿ ನೋಡಿದ ಬೆರಳಿನಿಂದ ಒಂದು ಜಾಗ ಒತ್ತಿ ನೋಡಿದಳು.

"ಇಲ್ಲೇನೋ ಚುಚ್ಚುತ್ತೆ ಅಳಿಯಂದ್ರೇ. ಈಗ ಬಂದೆನಲ್ಲ, ಆ ಬಸ್ಸಿನ ಸೀಟೇ ಮೇಲಿತ್ತು."

ಮೇಸ್ತ್ರಿಯ ಕಣ್ಣು ಕೆಂಪಗಾಯಿತು. ಕುತ್ತಿಗೆಯ ನರ ಉಬ್ಬಿತು. ಬಲಗಾಲು ಎದ್ದಿತು, ಧಪ್! ಗೋಡೆಗೆ ತಿರುಗಿ, ಮೂಲೆಗೆ ಮುಖ ಮಾಡಿ ನಿಂತುಬಿಟ್ಟ.

ಅತ್ತೆ ಸಮಾಧಾನ ಹೇಳಲೆಂದು ಸೋಫಾದಿಂದ ಏಳಹೊರಟಳು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ಮಾತು ಕೇಳಿಸಿತು, ಬಹಳ ಶಾಂತವಾಗಿ:

"ಹತ್ತಿರ ಹೋಗ್ಬೇಡ ಅಮ್ಮಾ. ಮಾತಾಡಿಸ್ಲೂಬೇಡ. ಸುಮ್ನೆ ಅಲ್ಲೇ ಕೂತಿರು. ತಾನಾಗೇ ಅಭ್ಯಾಸ ಆಗುತ್ತೆ."